ಹಳೆಯ ಸ್ಕೌಟ್ ಚಾಕುಗಳ ಸಂಗ್ರಹ



ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಇವುಗಳನ್ನು ಕೂಡಿಡುವವರು ನಿಮ್ಮಲ್ಲಿ ಕೆಲವರಾದರೂ ಇರಬಹುದು. ಇಂದು ನಾನು ಹೇಳಹೊರಟಿರುವುದು ಸ್ವಲ್ಪ ಅಪರೂಪದ ಹವ್ಯಾಸವೊಂದನ್ನು ಕುರಿತು. ಅದು ಸ್ಕೌಟುಗಳು ಶಿಬಿರಕ್ಕೆ ಒಯ್ಯುತ್ತಿದ್ದ ಹಳೆಯ ಮಡಚುವ ಚಾಕುಗಳ ಸಂಗ್ರಹ. ಇದನ್ನು ಕುರಿತು ಮಾತನಾಡಲು ನನಗಿರುವ ಅರ್ಹತೆಯೆಂದರೆ ಒಂದು ಒಳ್ಳೆಯ ಚಾಕುವನ್ನು ನಾನು ಕೈಯಾರೆ ಕೆಡಿಸಿದ್ದು. ಆ ಕತೆಗೆ ಆಮೇಲೆ ಬರುತ್ತೇನೆ.

1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಅವರು ಸುಮಾರು 20 ಹುಡುಗರ ಪ್ರಾಯೋಗಿಕ ಶಿಬಿರವೊಂದನ್ನು ನಡೆಸಿದರು. ಮರುವರ್ಷವೇ ಅವರ ಪುಸ್ತಕ ಹೊರಬಂದು, ಚಳವಳಿ ದೇಶದಿಂದ ದೇಶಕ್ಕೆ ಹಬ್ಬಿತು. ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ ಎಂಬುದು ನಿಮಗೆ ತಿಳಿದಿರಲಿ. ಆದರೆ ಸಂಗ್ರಹಕಾರರು ಬೆನ್ನು ಹತ್ತುವ ಚಾಕುಗಳ ತವರು ಬಹುಮಟ್ಟಿಗೆ ಅಮೆರಿಕ. ಅಲ್ಲಿ 1910ರಲ್ಲಿ ಸ್ಕೌಟ್ ಸಂಸ್ಥೆ ಆರಂಭವಾಯಿತು. ಆಮೇಲೆ ಸಂಸ್ಥೆಯ ಲಾಂಛನ ಹೊತ್ತ ‘ಅಧಿಕೃತ’ ಚಾಕುಗಳೂ ಬಂದವು.

ಈ ಚಾಕುವಿನ ರಚನೆಯನ್ನು ಗಮನಿಸಿ. ಅಂಗೈಯಲ್ಲಿ ಅಡಗುವ ಒಂದು ಹಿಡಿ, ಅದರೊಳಗೆ ಮಡಚಿಕೊಂಡ ನಾಲ್ಕು ಉಪಕರಣ. ದೊಡ್ಡದು ಕತ್ತರಿಸುವ ಅಲಗು. ಎರಡನೆಯದು ತಗಡಿನ ಡಬ್ಬಿ ತೆರೆಯುವುದಕ್ಕೆ. ಮೂರನೆಯದರ ತುದಿ ಸ್ಕ್ರೂ ಡ್ರೈವರ್, ಬದಿಯ ಕಚ್ಚು ಸೀಸೆಯ ಮುಚ್ಚಳ ಎಬ್ಬಿಸಲು. ನಾಲ್ಕನೆಯದು ನಮ್ಮ ದಬ್ಬಳದ ತಮ್ಮ. ಚರ್ಮಕ್ಕೆ ತೂತು ಹಾಕಲು ಅದು ಬೇಕು. ಒಂದು ಕೊನೆಯಲ್ಲಿ ಸೊಂಟಪಟ್ಟಿಗೆ ತೂಗುಹಾಕಲು ಬಳೆ. ಹಿಡಿಯ ಬೆನ್ನಿಗೆ ಉಕ್ಕಿನ ಸ್ಪ್ರಿಂಗ್ ಇದೆ. ಅಲಗಿನ ಬುಡಕ್ಕೆ ಚಪ್ಪಟೆಯಾದ ಬದಿಗಳಿರುವುದರಿಂದ, ತಿರುಗಿಸಿದಾಗ ಸ್ಪ್ರಿಂಗ್ ಮೇಲೆದ್ದು, ಮುಂದಿನ ಚಪ್ಪಟೆ ಬದಿ ಬಂದೊಡನೆ ‘ಟಕ್’ ಎಂದು ಕೂರುತ್ತದೆ. ಪಳಗಿದ ಸಂಗ್ರಹಕಾರ ಚಾಕುವನ್ನು ನೋಡುವಷ್ಟೇ ಗಮನದಿಂದ ಅದರ ಸದ್ದನ್ನೂ ಕೇಳುತ್ತಾನೆ. ಸದ್ದು ಮಂಕಾಗಿದ್ದರೆ ಸ್ಪ್ರಿಂಗ್ ಸೋತಿರಬಹುದು, ಇಲ್ಲವೇ ಒಳಗೆ ಕೊಳೆ ತುಂಬಿರಬಹುದು.

ಒಂದು ಎಚ್ಚರಿಕೆ: ಇದು ಬೀಗವಲ್ಲ. ಬೆನ್ನಿನ ಕಡೆಯಿಂದ ಒತ್ತಡ ಬಿದ್ದರೆ ಅಲಗು ಬೆರಳಿನ ಮೇಲೆ ಮಡಚಿಕೊಳ್ಳುತ್ತದೆ. ಅಮೆರಿಕದ ಸ್ಕೌಟುಗಳು ಚಾಕು ಇಟ್ಟುಕೊಳ್ಳುವ ಮೊದಲು ಅದರ ಬಳಕೆ ಕಲಿತು ಒಂದು ಚೀಟಿ ಸಂಪಾದಿಸಬೇಕಿತ್ತು. ತಪ್ಪಿ ನಡೆದರೆ ಚೀಟಿಯ ಒಂದು ಮೂಲೆ ಕತ್ತರಿಸುವ ರೂಢಿಯೂ ಇತ್ತು. ನೀವಂತೂ ಚಾಕುವನ್ನು ಶಾಲೆಗೆ ಒಯ್ಯಬೇಡಿ. ವಿಮಾನದಲ್ಲಿ ಕೈಚೀಲದಲ್ಲಿ ಇಟ್ಟುಕೊಳ್ಳಲೂ ಬಿಡುವುದಿಲ್ಲ.

ಇನ್ನು ಹಿಡಿ. ಹಳೆಯ ಒಳ್ಳೆಯ ಚಾಕುಗಳಲ್ಲಿ ದನದ ಕಾಲಿನ ಮೂಳೆಯನ್ನು ಸೀಳಿ, ಅದರಲ್ಲಿ ಸಣ್ಣ ಸಣ್ಣ ಗುಳಿ ಕೊರೆದು, ಬಣ್ಣವಿಕ್ಕಿ, ಜಿಂಕೆಯ ಕೊಂಬಿನಂತೆ ಕಾಣುವ ಹಾಗೆ ಮಾಡುತ್ತಿದ್ದರು. ಕೆಲವಕ್ಕೆ ಸೆಲ್ಯುಲಾಯ್ಡ್ ಹಿಡಿ. ರಸಾಯನಶಾಸ್ತ್ರ ಓದುವವರು ಇಲ್ಲಿ ಕಿವಿಗೊಡಬೇಕು. ಸೆಲ್ಯುಲಾಯ್ಡ್ ಎಂದರೆ ಮುಖ್ಯವಾಗಿ ಸೆಲ್ಯುಲೋಸ್ ನೈಟ್ರೇಟ್ ಮತ್ತು ಕರ್ಪೂರ. ಅದು ಹಳತಾಗಿ ಒಡೆಯತೊಡಗಿದಾಗ ಸಾರಜನಕದ ಆಕ್ಸೈಡ್ ಅನಿಲಗಳು ಹೊರಬರುತ್ತವೆ. ತೇವ ಸೇರಿದರೆ ಅವು ಆಮ್ಲವಾಗುತ್ತವೆ. ಆಗ ಆ ಚಾಕು ಮಾತ್ರವಲ್ಲ, ಅದೇ ಪೆಟ್ಟಿಗೆಯಲ್ಲಿರುವ ಅಕ್ಕಪಕ್ಕದ ಚಾಕುಗಳೂ ತುಕ್ಕು ಹಿಡಿಯುತ್ತವೆ. ಆದುದರಿಂದ ಇಂತಹವನ್ನು ಗಾಳಿಯಾಡುವ ಕಡೆ ಬೇರೆಯಾಗಿಯೇ ಇಡುತ್ತಾರೆ.

ಚಾಕುವಿನ ಜಾತಕವನ್ನು ಓದುವುದು ಅಲಗಿನ ಬುಡದಲ್ಲಿ ಒತ್ತಿರುವ ಪುಟ್ಟ ಮುದ್ರೆಯಿಂದ. ಉದಾಹರಣೆಗೆ ರೆಮಿಂಗ್ಟನ್ ಕಂಪನಿಯನ್ನು ತೆಗೆದುಕೊಳ್ಳಿ. ಬಂದೂಕು ಮಾಡುತ್ತಿದ್ದ ಆ ಕಂಪನಿ ಮೊದಲ ಮಹಾಯುದ್ಧ ಮುಗಿದು ಬೇಡಿಕೆ ಇಳಿದಾಗ, 1920ರ ಹೊತ್ತಿಗೆ ಚಾಕು ತಯಾರಿಕೆಗೆ ಕೈಹಾಕಿತು. 1940ರಲ್ಲಿ ಆ ವಿಭಾಗವನ್ನು ಮಾರಿಬಿಟ್ಟಿತು. ಹೀಗಾಗಿ ಅದರ ಮೂಲ ಚಾಕು ಸಿಕ್ಕರೆ, ಅದು ಆ ಎರಡು ದಶಕಗಳದ್ದೇ. ಅದರ ಮಾದರಿ ಸಂಖ್ಯೆಯ ಕೊನೆಯ ಅಂಕಿ ಹಿಡಿಯ ವಸ್ತುವನ್ನು ಹೇಳುತ್ತದೆ. 3 ಎಂದರೆ ಮೂಳೆ. ಸಂಗ್ರಹಕಾರರ ಬಾಯಲ್ಲಿ ಸದಾ ಆಡುವ ‘ಆರ್‌ಎಸ್ 3333’ ಆ ಕಂಪನಿಯ ಅಧಿಕೃತ ಸ್ಕೌಟ್ ಚಾಕು. ನ್ಯೂಯಾರ್ಕ್ ರಾಜ್ಯದ ಕ್ಯಾಮಿಲಸ್ ಕಂಪನಿಯೂ ಸ್ಕೌಟ್ ಚಾಕು ಮಾಡುತ್ತಿತ್ತು, 2007ರಲ್ಲಿ ಬಾಗಿಲು ಹಾಕಿತು. ಹಳೆಯ ಹೆಸರಿನಲ್ಲೇ ಮರುತಯಾರಿಕೆಯ ಚಾಕುಗಳೂ ಬಂದಿರುವುದರಿಂದ ಹೆಸರೊಂದನ್ನೇ ನಂಬುವಂತಿಲ್ಲ. ಮುದ್ರೆಯ ಅಕ್ಷರ, ಉಕ್ಕಿನ ಬಣ್ಣ, ಸವೆತ ಎಲ್ಲವೂ ಒಂದೇ ವಯಸ್ಸನ್ನು ಹೇಳಬೇಕು.

ಈಗ ನನ್ನ ಕತೆ. ನನ್ನ ಸೋದರಮಾವ ಸ್ಕೌಟ್ ಮಾಸ್ತರರಾಗಿದ್ದರು. ಗುಜರಿಯಲ್ಲಿ ಕೊಂಡ ಇಂತಹ ಚಾಕುವೊಂದು ಅವರ ಬಳಿ ಇತ್ತು. ಶಿಬಿರದಲ್ಲಿ ಹಗ್ಗ ಕುಯ್ಯಲು, ಗೂಟ ಚೂಪು ಮಾಡಲು ಅವರಿಗೆ ಅದೇ ಬೇಕು. ನಾನು ಎಂಟನೆಯ ತರಗತಿ ಪಾಸಾದಾಗ, “ತಗೋಳೋ, ಜೋಪಾನ” ಎಂದು ನನ್ನ ಕೈಗಿಟ್ಟರು. ಅಲಗು ಕಪ್ಪಗಿತ್ತು. ನನಗದು ಕೊಳೆಯೆಂದು ಕಂಡಿತು. ಒಂದು ಭಾನುವಾರ ಪೂರ್ತಿ ಕೂತು ಸ್ಯಾಂಡ್‌ಪೇಪರಿನಿಂದ ಉಜ್ಜಿದೆ. ಸಂಜೆಯ ಹೊತ್ತಿಗೆ ಅದು ಕನ್ನಡಿಯಂತಾಯಿತು. ಮಾವನಿಗೆ ತೋರಿಸಲು ಓಡಿದೆ. ಅವರು ಬುಡವನ್ನು ಬೆಳಕಿಗೆ ಹಿಡಿದು ನೋಡಿದರು, ಬೆರಳಿನಿಂದ ಸವರಿದರು. “ಚೆನ್ನಾಗಿದೆ ಕಣೋ” ಎಂದಷ್ಟೇ ಹೇಳಿದರು.

ಆ ಕಪ್ಪು ಕೊಳೆಯಲ್ಲ. ಇಂಗಾಲದ ಉಕ್ಕು ಬಳಕೆಯಲ್ಲಿ ತಾನಾಗಿ ಪಡೆಯುವ ತೆಳು ಪದರ ಅದು. ಕೆಂಪು ತುಕ್ಕು ಉಕ್ಕನ್ನು ತಿನ್ನುತ್ತದೆ, ಈ ಪದರ ಸ್ವಲ್ಪಮಟ್ಟಿಗೆ ಕಾಪಾಡುತ್ತದೆ. ಕೆಂಪು ತುಕ್ಕಿದ್ದರೂ ಒಂದು ತೊಟ್ಟು ಎಣ್ಣೆ, ಮೆತ್ತನೆಯ ಬಟ್ಟೆ, ತಾಳ್ಮೆ ಇಷ್ಟು ಸಾಕಿತ್ತು. ನಾನು ಉಜ್ಜಿದ್ದು ಮುದ್ರೆಯನ್ನು. ಅದು ಯಾವ ಕಾರ್ಖಾನೆಯದು, ಯಾವ ಕಾಲದ್ದು ಎಂಬುದನ್ನು ಹೇಳಬಲ್ಲ ಒಂದೇ ಗುರುತು ಪುಡಿಯಾಗಿ ಜಗಲಿಯ ಮೇಲೆ ಬಿದ್ದಿತ್ತು. ಆ ಮುದ್ರೆ ಏನೆಂದು ಮಾವನಿಗೆ ನೆನಪಿತ್ತೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಧೈರ್ಯ ಬರುವ ಹೊತ್ತಿಗೆ ಅವರು ಇರಲಿಲ್ಲ.

ಹಿಡಿಯ ಲೋಹದ ತುದಿಯಲ್ಲಿ ಮೊಳೆಯಿಂದ ಗೀಚಿದ ಎರಡು ಇಂಗ್ಲಿಷ್ ಅಕ್ಷರಗಳು ಮಾತ್ರ ಉಳಿದಿವೆ. ಅವು ಮಾವನ ಹೆಸರಿನವಲ್ಲ. ಮೊದಲು ಅದನ್ನು ಜೇಬಿನಲ್ಲಿಟ್ಟುಕೊಂಡಿದ್ದ ಯಾವನೋ ಹುಡುಗನವು. ಇಂತಹ ಗೀಚುಗಳಿದ್ದರೆ ಬೆಲೆ ಕಡಿಮೆಯೆಂದು ಕೆಲವರು ಅವನ್ನು ಉಜ್ಜಿ ತೆಗೆಸುತ್ತಾರೆ. ನಾನು ವರ್ಷಕ್ಕೆರಡು ಬಾರಿ ಎಣ್ಣೆ ಒರೆಸುವಾಗ ಆ ಎರಡು ಅಕ್ಷರಗಳ ಮೇಲೆ ಬಟ್ಟೆಯನ್ನು ಮೆಲ್ಲಗೆ ಆಡಿಸುತ್ತೇನೆ.