ಸೈಟು ಕೊಳ್ಳುವುದೆಂದರೆ ಏನನ್ನು ಕೊಳ್ಳುವುದು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯಲ್ಲಿ ನೆಲ ಕೊಳ್ಳುವ ಮಾತೇ ಇಲ್ಲ. ಗಾದೆ ಹುಟ್ಟಿದ ಹಳ್ಳಿಯಲ್ಲಿ ಅಪ್ಪನ ಹಿತ್ತಿಲಲ್ಲೋ ಗ್ರಾಮಠಾಣಾದ ಮೂಲೆಯಲ್ಲೋ ಪಾಯ ತೋಡುತ್ತಿದ್ದರು. ಜಾಗ ಯಾರದೆಂಬುದು ಊರಿಗೆಲ್ಲ ಗೊತ್ತಿತ್ತು. (ಊರಾಚೆಗಿನ ಕೇರಿಗಳಿಗೆ ಆ ಭಾಗ್ಯವೂ ಇರಲಿಲ್ಲ, ಅದು ಬೇರೆಯೇ ಕಥೆ.)

ಬೆಂಗಳೂರಿನಲ್ಲಿ ಅಳೆದು ಹಂಚುವ ನಿವೇಶನದ ಕಲ್ಪನೆಗೆ ಬಲ ಬಂದದ್ದು ಪ್ಲೇಗಿನಿಂದ. 1898ರ ಪ್ಲೇಗು ಪೇಟೆಯ ಇಕ್ಕಟ್ಟು ಓಣಿಗಳನ್ನು ನಡುಗಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ನೇರ ರಸ್ತೆ, ಮೋರಿಗಳೊಡನೆ ಬೆಳೆದವು. 1945ರಲ್ಲಿ ಸಿಐಟಿಬಿ, 1976ರಲ್ಲಿ ಬಿಡಿಎ ಬಂದವು. ಆದರೆ ಅರ್ಜಿ ಹಾಕಿ ಕಾಯುವವರ ಸಾಲು ನಿವೇಶನಗಳಿಗಿಂತ ಬೇಗ ಬೆಳೆಯಿತು. ಆ ಸಾಲಿನ ಪಕ್ಕದಲ್ಲೇ ಹುಟ್ಟಿದ್ದು ರೆವಿನ್ಯೂ ಸೈಟು.

ಅದರ ಲೆಕ್ಕ ಬಹಳ ಸರಳ. ಒಂದು ಎಕರೆಗೆ 43,560 ಚದರಡಿ. ಮೂವತ್ತು ನಲವತ್ತರ ಒಂದು ಸೈಟಿಗೆ 1,200 ಚದರಡಿ. ರಸ್ತೆಯನ್ನೇ ಬಿಡದಿದ್ದರೆ 36 ಸೈಟುಗಳು! ಅನುಮೋದಿತ ಬಡಾವಣೆಯಲ್ಲಿ ರಸ್ತೆ, ಉದ್ಯಾನ, ಚರಂಡಿಗೆಂದು ಹೋಗುವ ನೆಲವನ್ನು ಇಲ್ಲಿ ಆದಷ್ಟು ಹಿಂಡಿ ಮಾರಲಾಗುತ್ತದೆ. ಹೊಲ ಕಾಗದದಲ್ಲಿ ಹೊಲವಾಗಿಯೇ ಉಳಿಯುತ್ತದೆ. 1964ರ ಭೂಕಂದಾಯ ಕಾಯ್ದೆಯಂತೆ ಆಗಬೇಕಾದ ಭೂಪರಿವರ್ತನೆ ಆಗಿರುವುದಿಲ್ಲ. ಸೈಟು ಅಗ್ಗ ಏಕೆಂದು ಕೇಳುವವರಿಗೆ ಉತ್ತರ ಇದೇ. ನಕ್ಷೆಗೆ ಮಂಜೂರಾತಿ ಸಿಗದು, ಬ್ಯಾಂಕು ಸಾಲಕ್ಕೆ ಹಿಂಜರಿಯುತ್ತದೆ. ಮನೆ ಏಳುವುದು ಚೀಟಿ ಹಣದಲ್ಲಿ, ಹೆಂಡತಿಯ ಒಡವೆಯಲ್ಲಿ, ಒಂದೊಂದೇ ಕೋಣೆಯಾಗಿ.

ಇನ್ನು ಕಾಗದಗಳ ವಿಚಾರ. ನೂರು ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಾಯಿತ ಕ್ರಯಪತ್ರ ಬೇಕೆಂದು 1882ರ ಕಾಯ್ದೆಯೇ ಹೇಳುತ್ತದೆ. ಆದರೂ ಬರೀ ಕರಾರುಪತ್ರ, ಜಿಪಿಎಗಳ ಮೇಲೆ ಎಷ್ಟೋ ಸೈಟುಗಳು ಕೈ ಬದಲಾಯಿಸಿದವು. ಜಿಪಿಎಯಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟವಾಗಿ ಹೇಳಿತು. ಖಾತೆಯ ಬಗ್ಗೆಯೂ ಇಂಥದೇ ತಪ್ಪು ತಿಳಿವಳಿಕೆ ಇದೆ. ಖಾತೆಯಿದ್ದರೆ ಮನೆ ತಮ್ಮದಾಯಿತು ಎಂದುಕೊಂಡವರು ಹಲವರು. ಅದು ತೆರಿಗೆ ಯಾರು ಕಟ್ಟುತ್ತಾರೆಂಬುದರ ಲೆಕ್ಕ, ಹಕ್ಕುಪತ್ರವಲ್ಲ.

ಅಕ್ರಮವನ್ನು ಸಕ್ರಮ ಮಾಡಲು 2007ರಲ್ಲಿ ಕಾನೂನಿಗೆ ತಿದ್ದುಪಡಿ ತಂದದ್ದುಂಟು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ನೀಡಿತು. ದಂಡ ಕಟ್ಟಿಯಾದರೂ ಪಾರಾಗಬಹುದೆಂದು ನಂಬಿದ್ದವರ ಕೈಯಲ್ಲಿ ಉಳಿದದ್ದು ನಂಬಿಕೆಯೊಂದೇ. ಮಾರಿದವನ ಹೆಸರು ಮಾತ್ರ ಇಂಥ ಸುದ್ದಿಗಳಲ್ಲಿ ಅಪರೂಪಕ್ಕೂ ಬರುವುದಿಲ್ಲ.

ಎಲ್ಲ ಸರಿಯಿದ್ದ ನೆಲದಲ್ಲೂ ಒಂದು ಮುಳ್ಳಿದೆ. ಋಣಭಾರ ಪತ್ರ, ಅಂದರೆ ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಮಾರುವವನ ಅಕ್ಕತಂಗಿಯರ ಪಾಲು ಅದರಲ್ಲಿ ಕಾಣದು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಪಾಲು ಕೊಟ್ಟಿತು, ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಬಿಟ್ಟು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಅಣ್ಣ ಒಬ್ಬನೇ ಸಹಿ ಹಾಕಿ ಮಾರಿದ ಜಮೀನಿನಲ್ಲಿ ಗೃಹಪ್ರವೇಶವಾದ ಎಷ್ಟೋ ವರ್ಷಕ್ಕೆ ತಂಗಿಯ ದಾವೆಯ ನೋಟೀಸು ಬರಬಹುದು. ಕೇಳುವ ತಂಗಿಯದು ತಪ್ಪೆನ್ನಲಾಗದು. ಕಟ್ಟಿಸಿದವನದೂ ಪೂರ್ತಿ ತಪ್ಪಲ್ಲ. ಮುಂಗಡ ಕೊಡುವ ಮೊದಲು ಮಾರುವವರ ವಂಶವೃಕ್ಷ ಕೇಳಿ, ಹೆಣ್ಣುಮಕ್ಕಳ ಸಹಿ ಕೇಳಿ. ಬ್ರೋಕರು ಮುಖ ಸಿಂಡರಿಸಿದರೆ ಸಿಂಡರಿಸಲಿ.