ಎಡೆ ಹೊಡೆಯುವ ದಿನಗಳು

ನಮ್ಮ ಕೊಹಿನೂರು ಗ್ರಾಮದ ಹೊಲಗಳಲ್ಲಿ ತೊಗರಿ ಬಿತ್ತಿದವರಿಗೆ ಗೊತ್ತು, ಬಿತ್ತನೆ ಒಂದೆರಡು ದಿನದ ಕೆಲಸ. ಎಡೆ ಹೊಡೆಯುವುದು, ಕಳೆ ಕೀಳುವುದು ವಾರಗಟ್ಟಲೆ. ಮಳೆ ಬಿದ್ದರೆ ಸಾಕು, ಸಾಲಿನ ನಡುವೆ ಮತ್ತೆ ಹಸಿರು. ಕುರ್ಪಿ ಹಿಡಿದು ಮತ್ತೆ ಬಗ್ಗಬೇಕು.

ದೀಕ್ಷಾಸ್ನಾನವೂ ಬಿತ್ತನೆಯೇ; ಎಡೆ ಹೊಡೆಯುವುದು ಆಮೇಲಿನ ದಿನದಿನದ ಕೆಲಸ. ಶಿಷ್ಯನಾದವನು ದಿನಾಲೂ ಶಿಲುಬೆ ಹೊರಬೇಕೆಂದು ಯೇಸು ಹೇಳಿದ್ದನ್ನು ಲೂಕನು ಬರೆದಿಟ್ಟಿದ್ದಾನೆ. ಆ ‘ದಿನಾಲೂ’ ಎಂಬ ಮಾತು ನನ್ನನ್ನು ಬಿಡುವುದೇ ಇಲ್ಲ.

ಆ ದಿನದಿನದ ಕೆಲಸಕ್ಕೆ ಜೊತೆಗಾರರು ಬೇಕು. ನಮ್ಮ ಬೀದರ ಸೀಮೆಯಲ್ಲಿ ಮೆಥೊಡಿಸ್ಟ್ ಸಭೆಗಳು ಬಹಳ. ಆ ಪರಂಪರೆಗೆ ಮೂಲಪುರುಷರು ಜಾನ್ ವೆಸ್ಲಿ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಪ್ರಾರ್ಥನಾಲಯದ ಸಾಲ ತೀರಿಸಲೆಂದು ಜನರನ್ನು ಹನ್ನೆರಡರಂತೆ ಗುಂಪು ಮಾಡಿದರು. ಪ್ರತಿ ಗುಂಪಿಗೂ ಒಬ್ಬ ಮುಖಂಡ. ಪ್ರತಿಯೊಬ್ಬರಿಂದ ವಾರಕ್ಕೊಂದು ಪೆನ್ನಿ ನಾಣ್ಯ ಕೂಡಿಸುವುದು ಅವನ ಕೆಲಸ. ಪೆನ್ನಿಗಾಗಿ ಮನೆಮನೆಗೆ ಹೋದವರ ಕಣ್ಣಿಗೆ ಬಿದ್ದದ್ದು ಬದುಕು: ಒಂದು ಮನೆಯಲ್ಲಿ ಗಂಡಹೆಂಡಿರ ಜಗಳ, ಇನ್ನೊಂದರಲ್ಲಿ ಕುಡಿತ. ಅಲ್ಲಿಂದ ಹಣದ ಲೆಕ್ಕದ ಜೊತೆಗೆ ಆತ್ಮದ ಯೋಗಕ್ಷೇಮ ವಿಚಾರಿಸುವುದೂ ಶುರುವಾಯಿತು. ಬರಬರುತ್ತ ಎಲ್ಲರೂ ವಾರಕ್ಕೊಮ್ಮೆ ಒಂದೆಡೆ ಕೂಡತೊಡಗಿದರು. ಎಂಥ ಚಂದದ ತಿರುವು ಅದು!

ನಮ್ಮೂರ ಕಟ್ಟೆಯ ಮೇಲೆ ಅದೇ ವಿಚಾರಣೆ ಎಷ್ಟು ಸಲೀಸು: “ಕಾಕಾ, ಈ ವಾರ ಮನಸ್ಸು ಹ್ಯಾಂಗದ?” ಕೇಳಿ, ಕಾಕಾ ಬಾಯಿ ಬಿಡುವತನಕ ಪಕ್ಕದಲ್ಲಿ ಸುಮ್ಮನೆ ಕೂತಿರಬೇಕು.