ಟಾರ್ಚಿಗೆ ಯಾವ ಸೆಲ್ಲು?

(ನಮ್ಮ ಉಚಿತ ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಈ ಮೇಜಿನ ಮುಂದೆ ನಿಂತವರು ಸಾಹಿತ್ಯವನ್ನೋ ನಾಡಿನ ಇತಿಹಾಸವನ್ನೋ ಕುರಿತು ಮಾತನಾಡುವುದು ವಾಡಿಕೆ. ನಾವು ಇಂದು ಆರಿಸಿಕೊಂಡಿರುವುದು ಅಂಗೈಯಲ್ಲಿ ಅಡಗುವ ಒಂದು ವಸ್ತುವನ್ನು. ಅದು ಟಾರ್ಚು. ಬೀದರ, ಕಲಬುರಗಿ ಕಡೆಯ ನಮ್ಮ ಹಳ್ಳಿಗಳಲ್ಲಿ ಟಾರ್ಚಿಗೇ ಬ್ಯಾಟರಿ ಎನ್ನುವವರುಂಟು. ಅದರ ಹೊಟ್ಟೆಯೊಳಗೆ ಹಾಕುವುದು ಸೆಲ್ಲು. ಗೊಂದಲವಾಗದಿರಲೆಂದು ಇಲ್ಲಿ ಟಾರ್ಚು, ಸೆಲ್ಲು ಎಂಬ ಎರಡೇ ಮಾತುಗಳನ್ನು ಬಳಸುತ್ತೇವೆ. ಬಳಸಿ ಬಿಸಾಡುವ ಸೆಲ್ಲು ಒಳ್ಳೆಯದೋ, ಚಾರ್ಜು ಮಾಡಿ ಮತ್ತೆ ಮತ್ತೆ ಬಳಸುವ ಸೆಲ್ಲು ಒಳ್ಳೆಯದೋ ಎಂಬುದೇ ಪ್ರಶ್ನೆ. ನಾವು ವಿಜ್ಞಾನಿಗಳಲ್ಲ; ಮೆಟ್ರಿಕ್ ಮುಗಿಸಿ ಮಿಲ್ಲಿನ ಜಮಾಖರ್ಚು ಬರೆಯುವ ಗುಮಾಸ್ತರು. ಆದುದರಿಂದ ಈ ಪ್ರಶ್ನೆಯನ್ನೂ ಖಾತೆ ಪುಸ್ತಕದ ರೀತಿಯಲ್ಲಿಯೇ ನೋಡಿದ್ದೇವೆ.

ಕೈಯಲ್ಲಿ ಮೊಬೈಲು ಇರುವಾಗ ಟಾರ್ಚು ಏಕೆ ಎಂದು ಕೆಲವರು ಕೇಳಬಹುದು. ಮೊಬೈಲಿನ ಬೆಳಕು ಬಾಗಿಲ ಬೀಗ ಹುಡುಕಲು ಸಾಕು. ಆದರೆ ರಾತ್ರಿ ಪಾಳಿ ಮುಗಿಸಿ ಇಸ್ನಾಪುರದ ಕಡೆಯ ಖೋಲಿಗೆ ನಡೆದು ಹೋಗುವವನಿಗೆ, ಗೇಟಿನಲ್ಲಿ ಕಾವಲು ಕೂರುವವನಿಗೆ ಅದು ಸಾಲದು. ದೀಪಕ್ಕೆ ಬಳಸಿ ಮೊಬೈಲು ಸತ್ತರೆ, ಅವಸರದಲ್ಲಿ ಮನೆಗೊಂದು ಮಾತು ಹೇಳುವ ದಾರಿಯೂ ಮುಚ್ಚಿತು. ಇನ್ನು ಊರಿನಲ್ಲಿ ರಾತ್ರಿ ಹೊತ್ತು ಪಂಪಿಗೆ ಕರೆಂಟು ಬಂದಾಗ ನೀರು ಹಾಯಿಸಲು ಹೊಲಕ್ಕೆ ಹೋಗುವ ಅಪ್ಪ ಇದ್ದಾರೆ, ಅಣ್ಣ ಇದ್ದಾರೆ. ಬದುವಿನ ಮೇಲೆ ಹಾವು ಮಲಗಿದೆಯೋ ಹಗ್ಗ ಬಿದ್ದಿದೆಯೋ ತಿಳಿಯಲು ಬೆಳಕು ಬೇಕು. ಹೀಗಿರಲಾಗಿ, ಇದು ಸಣ್ಣ ವಸ್ತುವೇ ಆದರೂ ಸಣ್ಣ ವಿಷಯವಲ್ಲ.

ಮೊದಲು ಸೆಲ್ಲು ಎಂದರೇನು ಎಂಬುದನ್ನು ನೋಡೋಣ. 1866ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ಎಂಬವರು ಸತು, ಇಂಗಾಲ, ಮ್ಯಾಂಗನೀಸ್ ಡೈಆಕ್ಸೈಡು ಮತ್ತು ನವಸಾಗರದ ದ್ರಾವಣಗಳಿಂದ ಒಂದು ಸೆಲ್ಲನ್ನು ಮಾಡಿದರು. ಅದು ಗಾಜಿನ ಜಾಡಿಯಲ್ಲಿತ್ತು, ಚೆಲ್ಲುವ ಭಯವಿತ್ತು. 1886ರಲ್ಲಿ ಜರ್ಮನಿಯ ಗಾಸ್ನರ್ ಎಂಬವರು ಅದನ್ನೇ ಚೆಲ್ಲದ ಒಣ ಸೆಲ್ಲಾಗಿ ಮಾಡಿದರು. ಇಂದು ಕಿರಾಣಿ ಅಂಗಡಿಯಲ್ಲಿ ಸಿಗುವ ಅಗ್ಗದ ಸೆಲ್ಲು ಆ ವಂಶದ್ದೇ. ಹೊರಗಿನ ಡಬ್ಬಿ ಸತುವಿನದು, ನಡುವಿನ ಕಡ್ಡಿ ಇಂಗಾಲದ್ದು, ಸುತ್ತಲೂ ಕಪ್ಪು ಪುಡಿ. ಟಾರ್ಚು ಹೊತ್ತಿದಂತೆಲ್ಲ ಸತು ಸವೆಯುತ್ತದೆ. ಒಲೆಯಲ್ಲಿ ಉರಿದ ಸೌದೆ ಮತ್ತೆ ಸೌದೆಯಾಗುವುದಿಲ್ಲ. ಹಾಗೆಯೇ ಇದು ಕೂಡ.

ಸತ್ತ ಸೆಲ್ಲನ್ನು ಬಿಸಿಲಿಗೆ ಇಟ್ಟು ಮತ್ತೆ ಉರಿಸುವುದನ್ನು ನಾವೆಲ್ಲರೂ ಊರಿನಲ್ಲಿ ಕಂಡಿದ್ದೇವೆ. ಬಿಸಿ ತಗುಲಿದರೆ ಒಳಗಿನ ಕ್ರಿಯೆ ಸ್ವಲ್ಪ ಚುರುಕಾಗುತ್ತದೆ, ವಿಶ್ರಾಂತಿಯಿಂದ ಒಳಗಿನ ಕಪ್ಪು ಪುಡಿಯೂ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಅಳಿದುಳಿದದ್ದನ್ನು ಹಿಂಡಿ ತೆಗೆದಂತಾಯಿತೇ ಹೊರತು ಹೊಸ ಶಕ್ತಿ ತುಂಬಿದಂತಲ್ಲ. ಆಲ್ಕಲೈನ್ ಎಂಬ ಇನ್ನೊಂದು ಜಾತಿಯಲ್ಲಿ ನವಸಾಗರಕ್ಕೆ ಬದಲು ಕ್ಷಾರವಿದೆ. ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಆದರೂ ಅದು ಬಿಸಾಡುವ ಸೆಲ್ಲೇ.

ಚಾರ್ಜು ಮಾಡುವ ಸೆಲ್ಲಿನಲ್ಲಿ ಕ್ರಿಯೆಯನ್ನು ಹಿಂದಕ್ಕೆ ತಿರುಗಿಸಬಹುದು. 1899ರಲ್ಲಿ ಸ್ವೀಡನ್ನಿನ ಯುಂಗ್ನರ್ ಎಂಬವರು ನಿಕ್ಕಲ್ ಮತ್ತು ಕ್ಯಾಡ್ಮಿಯಂ ಸೇರಿಸಿ ಇಂತಹದೊಂದನ್ನು ಮಾಡಿದರು. ಕ್ಯಾಡ್ಮಿಯಂ ವಿಷಲೋಹ. 1990ರ ಸುಮಾರಿಗೆ ಅದರ ಜಾಗಕ್ಕೆ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ಲು ಬಂದಿತು. ಇದನ್ನು ಜೋಪಾನವಾಗಿ ಬಳಸಿದರೆ ಕೆಲವು ನೂರು ಸಾರಿ ತುಂಬಿ ಬರಿದು ಮಾಡಬಹುದು. ಆದರೆ ಇದಕ್ಕೊಂದು ದೋಷವಿತ್ತು. ಸುಮ್ಮನೆ ಇಟ್ಟರೂ ತೂತು ಬಿದ್ದ ಕೊಡದ ಹಾಗೆ ಕೆಲವು ತಿಂಗಳಲ್ಲಿ ತಾನೇ ಬರಿದಾಗುತ್ತಿತ್ತು. 2005ರಲ್ಲಿ ಜಪಾನಿನ ಸಾನ್ಯೊ ಕಂಪನಿಯವರು ಬಹಳ ನಿಧಾನವಾಗಿ ಸೋರುವ ಜಾತಿಯನ್ನು ಮಾರುಕಟ್ಟೆಗೆ ತಂದರು. ವರ್ಷ ಕಳೆದರೂ ಇದರಲ್ಲಿ ಮುಕ್ಕಾಲು ಪಾಲಿನಷ್ಟು ಉಳಿದಿರುತ್ತದೆ. ಈಗ ಬೇರೆ ಕಂಪನಿಗಳವರೂ ಇಂತಹದನ್ನು ಮಾಡುತ್ತಾರೆ. 'ಪ್ರೀ ಚಾರ್ಜ್ಡ್' ಅಥವಾ 'ರೆಡಿ ಟು ಯೂಸ್' ಎಂದು ಕಟ್ಟಿನ ಮೇಲೆ ಬರೆದಿರುವುದು ಸಾಮಾನ್ಯವಾಗಿ ಈ ಜಾತಿಯೇ.

ಇನ್ನು ಲೆಕ್ಕಕ್ಕೆ ಬರೋಣ. ಅಂಗಡಿಯಿಂದ ಅಂಗಡಿಗೆ ಬೆಲೆ ಬೇರೆಯಾಗುವುದರಿಂದ, ಲೆಕ್ಕಕ್ಕೆಂದು ಮಾತ್ರ ಒಂದು ಅಂಕಿ ಹಿಡಿಯೋಣ. ಬಿಸಾಡುವ ಒಂದು ಜೊತೆ ಸೆಲ್ಲಿಗೆ 40 ರೂಪಾಯಿ. ಚಾರ್ಜರು ಮತ್ತು ಚಾರ್ಜಿನ ಒಂದು ಜೊತೆ ಸೆಲ್ಲಿಗೆ ಒಟ್ಟು 800 ರೂಪಾಯಿ. ನೀವು ನಿಮ್ಮ ಅಂಗಡಿಯ ಬೆಲೆ ಹಾಕಿಕೊಳ್ಳಿ.

ದಿನವೂ ಟಾರ್ಚು ಬಳಸುವ ಕಾವಲುಗಾರನು ಇಪ್ಪತ್ತು ದಿನಕ್ಕೊಮ್ಮೆ ಸೆಲ್ಲು ಬದಲಿಸುತ್ತಾನೆಂದು ತಿಳಿಯಿರಿ. ವರ್ಷಕ್ಕೆ 18 ಜೊತೆ, 720 ರೂಪಾಯಿ. ಎರಡು ವರ್ಷಕ್ಕೆ 1440. ಚಾರ್ಜಿನ ಸೆಲ್ಲಿನವನ ಖರ್ಚು 800ಕ್ಕೇ ನಿಂತಿರುತ್ತದೆ. ಹದಿನಾಲ್ಕನೆಯ ತಿಂಗಳಿಗೆ ಹಾಕಿದ ಹಣ ಹುಟ್ಟಿತು; ಮುಂದಿನದೆಲ್ಲ ಉಳಿತಾಯ. ಎರಡು ತಿಂಗಳಿಗೊಮ್ಮೆ ಸೆಲ್ಲು ಬದಲಿಸುವವನಿಗೆ ವರ್ಷಕ್ಕೆ 240 ರೂಪಾಯಿ ಖರ್ಚು. ಅವನ 800 ರೂಪಾಯಿ ಹುಟ್ಟಲು ಮೂರು ವರ್ಷ ನಾಲ್ಕು ತಿಂಗಳು ಬೇಕು. ಕರೆಂಟು ಹೋದಾಗ ಮಾತ್ರ ಟಾರ್ಚು ತೆಗೆದು, ವರ್ಷಕ್ಕೊಂದೇ ಜೊತೆ ಬಳಸುವವನಿಗೆ ಇಪ್ಪತ್ತು ವರ್ಷ ಬೇಕು! ಅಷ್ಟು ವರ್ಷ ಆ ಚಾರ್ಜರೇ ಬಾಳುತ್ತದೆಂದು ಹೇಳುವವರಾರು? ಆದುದರಿಂದ ಯಾವ ಸೆಲ್ಲು ಒಳ್ಳೆಯದು ಎಂದು ಕೇಳುವ ಮೊದಲು, ಎಷ್ಟು ದಿನಕ್ಕೊಮ್ಮೆ ಸೆಲ್ಲು ಬದಲಿಸುತ್ತೇವೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಉತ್ತರ ಅದರಲ್ಲಿಯೇ ಇದೆ.

ಒಂದೇ ಖೋಲಿಯಲ್ಲಿ ನಾಲ್ಕಾರು ಜನ ಇರುವಲ್ಲಿ ಇನ್ನೊಂದು ಮಾತು ಹುಟ್ಟುತ್ತದೆ. "ನಿನ್ನ ಚಾರ್ಜರು ಕರೆಂಟು ತಿನ್ನುತ್ತದೆ, ಬಿಲ್ಲು ನಾವು ಕಟ್ಟಬೇಕೆ?" ಎಂಬ ಮಾತು. ಇದಕ್ಕೂ ಲೆಕ್ಕವುಂಟು. 2000 ಮಿಲಿ ಆಂಪಿಯರ್ ಗಂಟೆಯ ಎರಡು ಸೆಲ್ಲುಗಳಲ್ಲಿ ಹಿಡಿಯುವುದು ಐದು ವ್ಯಾಟ್ ಗಂಟೆಗೂ ಕಡಿಮೆ. ಚಾರ್ಜರಿನಲ್ಲಿ ವ್ಯರ್ಥವಾಗುವುದನ್ನು ಸೇರಿಸಿ ಹತ್ತು ಎನ್ನೋಣ. ಒಂದು ಯೂನಿಟ್ಟು ಎಂದರೆ ಸಾವಿರ ವ್ಯಾಟ್ ಗಂಟೆ. ಅಂದರೆ ಒಂದು ಯೂನಿಟ್ಟಿನಲ್ಲಿ ನೂರು ಸಾರಿ ಚಾರ್ಜು ಮಾಡಬಹುದು. ನಮ್ಮ ಕಾವಲುಗಾರನ ವರ್ಷದ 18 ಚಾರ್ಜಿಗೆ ಯೂನಿಟ್ಟಿನ ಐದನೆಯ ಒಂದು ಪಾಲೂ ಖರ್ಚಾಗದು. ಇದಕ್ಕಾಗಿ ಒಂದೇ ಊರಿನವರು ಮುಖ ತಿರುಗಿಸಿ ಮಲಗುವುದು ಬೇಡ. ಸಂಬಳದವನಿಗೆ ಒಂದೇ ಸಲ 800 ರೂಪಾಯಿ ತೆಗೆಯುವುದು ಕಷ್ಟವೆಂಬುದು ನಿಜ. ಆದರೆ ಚಾರ್ಜರು ಒಂದೇ ಸಾಕು. ಮೂವರು ಕೂಡಿ ಅದನ್ನು ಕೊಂಡು, ಸೆಲ್ಲನ್ನು ಮಾತ್ರ ಅವರವರು ಕೊಂಡರೆ ಭಾರ ಹಂಚಿಹೋಗುತ್ತದೆ.

ಹಣದ ಲೆಕ್ಕವೊಂದೇ ಲೆಕ್ಕವಲ್ಲ. ಬಿಸಾಡುವ ಸೆಲ್ಲು ಹೊಸದರಲ್ಲಿ 1.5 ವೋಲ್ಟು, ಚಾರ್ಜಿನ ಸೆಲ್ಲು 1.2 ವೋಲ್ಟು. ಹಳೆಯ ಬಲ್ಬಿನ ಟಾರ್ಚಿಗೆ ಈ ವ್ಯತ್ಯಾಸ ದೊಡ್ಡದಲ್ಲ. ಬಿಳಿಯ ಎಲ್‌ಇಡಿ ದೀಪಕ್ಕೆ ಸುಮಾರು ಮೂರು ವೋಲ್ಟು ಬೇಕು. ಒತ್ತಡ ಏರಿಸುವ ಏರ್ಪಾಡು ಒಳಗೆ ಇರುವ ಟಾರ್ಚಿನಲ್ಲಿ ತೊಂದರೆಯಿಲ್ಲ. ಇಲ್ಲದಿದ್ದರೆ ಬೆಳಕು ಮಂಕಾಗುತ್ತದೆ. ಕೊಳ್ಳುವ ಮೊದಲು ಚಾರ್ಜಿನ ಸೆಲ್ಲು ಇರುವ ಗೆಳೆಯರಿಂದ ಒಂದು ಜೊತೆ ಪಡೆದು, ನಿಮ್ಮ ಟಾರ್ಚಿಗೆ ಹಾಕಿ ಕತ್ತಲಲ್ಲಿ ನೋಡುವುದೇ ಸರಿಯಾದ ಪರೀಕ್ಷೆ.

ಎರಡನೆಯದಾಗಿ, ಬಿಸಾಡುವ ಸೆಲ್ಲು ಸಾಯುವ ಮುನ್ನ ಹೇಳಿ ಸಾಯುತ್ತದೆ. ಬೆಳಕು ದಿನದಿನಕ್ಕೆ ಹಳದಿಗೆ, ಮಂಕಿಗೆ ತಿರುಗುತ್ತದೆ. ಚಾರ್ಜಿನ ಸೆಲ್ಲು ಕೊನೆಯವರೆಗೂ ಒಂದೇ ಸಮನೆ ಉರಿದು, ಹೇಳದೆ ಕೇಳದೆ ಕೈಬಿಡುತ್ತದೆ. ನಡುದಾರಿಯಲ್ಲಿ ಹೀಗಾದರೆ ಕಷ್ಟ. ಅದನ್ನು ಬಳಸುವವರು ತುಂಬಿದ ಇನ್ನೊಂದು ಜೊತೆಯನ್ನು ಚೀಲದಲ್ಲಿ ಇಟ್ಟುಕೊಂಡಿರಬೇಕು.

ಮೂರನೆಯದು ಊರಿನ ಮನೆಯ ಮಾತು. ಗೂಡಿನಲ್ಲಿಟ್ಟ ಟಾರ್ಚು ಆರು ತಿಂಗಳ ಮೇಲೆ ಒಂದು ಮಳೆಯ ರಾತ್ರಿ ಹೊತ್ತಬೇಕು. ವಯಸ್ಸಾದ ತಾಯಿಗೆ ಚಾರ್ಜರಿನ ಉಸಾಬರಿ ಏಕೆ? ಅಲ್ಲಿಗೆ ಒಳ್ಳೆಯ ಆಲ್ಕಲೈನ್ ಸೆಲ್ಲೇ ಸರಿ. ಅದು ಕಟ್ಟಿನಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಬೀದರಿನ ಬಸ್ಸು ಹತ್ತುವಾಗ ಒಂದು ಜೊತೆ ಕೊಂಡುಹೋದರೆ, ಮಿಠಾಯಿಗಿಂತ ಹೆಚ್ಚು ದಿನ ನೆನಪಿನಲ್ಲಿ ಉಳಿಯುತ್ತದೆ. ಆದರೆ ರಾತ್ರಿ ದಿನವೂ ಹೊಲಕ್ಕೆ ಹೋಗುವ ಅಣ್ಣನ ಲೆಕ್ಕ ಬೇರೆ. ಅವನದು ಕಾವಲುಗಾರನ ಲೆಕ್ಕವೇ.

ಸೆಲ್ಲು ಬಿಚ್ಚಲಾಗದ, ಗೋಡೆಯ ಪ್ಲಗ್ಗಿಗೆ ನೇರವಾಗಿ ಚುಚ್ಚುವ ಟಾರ್ಚುಗಳೂ ಬಂದಿವೆ. ಕೆಲವದರಲ್ಲಿ ಲಿಥಿಯಂ, ಅಗ್ಗದ ಕೆಲವದರಲ್ಲಿ ಸೀಸದ ಬ್ಯಾಟರಿ. ಸೀಸದ್ದನ್ನು ಬರಿದಾದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಕೆಡುತ್ತದೆ. ಆಗಾಗ ಚಾರ್ಜು ಮಾಡುತ್ತಿರಬೇಕು. ಒಳಗಿನದು ಸತ್ತರೆ ಟಾರ್ಚೇ ಹೋದಂತೆ. ಸೆಲ್ಲು ಬದಲಿಸಬಹುದಾದ ಟಾರ್ಚಿಗೆ ಈ ಕಷ್ಟವಿಲ್ಲ.

ಅಂಗಡಿಯಲ್ಲಿ ಮೋಸ ಹೋಗದಿರಲು ಸೆಲ್ಲಿನ ಮೇಲಿನ ಗುರುತು ಓದಲು ಕಲಿಯಬೇಕು. ಪೆನ್ಸಿಲ್ ಸೆಲ್ಲಿನ ಮೇಲೆ 'ಆರ್ 6' ಎಂದಿದ್ದರೆ ಅದು ಅಗ್ಗದ ಸತುವಿನದು. 'ಎಲ್‌ಆರ್ 6' ಎಂದಿದ್ದರೆ ಆಲ್ಕಲೈನ್. 'ಎಚ್‌ಆರ್ 6' ಎಂದಿದ್ದರೆ ಚಾರ್ಜಿನ ನಿಕ್ಕಲ್ ಸೆಲ್ಲು. ಅದಕ್ಕಿಂತ ಸಣ್ಣದಾದ ರಿಮೋಟಿನ ಸೆಲ್ಲಿನಲ್ಲಿ 6ರ ಬದಲು 03 ಇರುತ್ತದೆ. ಚಾರ್ಜಿನ ಸೆಲ್ಲಿನ ಮೇಲಿನ ಮಿಲಿ ಆಂಪಿಯರ್ ಗಂಟೆಯ ಅಂಕಿಯನ್ನು ಕೊಡದಲ್ಲಿ ಹಿಡಿಯುವ ನೀರೆಂದು ತಿಳಿಯಿರಿ. ಪೆನ್ಸಿಲ್ ಸೆಲ್ಲಿಗೆ 2000 ಎಂಬುದು ನಂಬತಕ್ಕ ಅಂಕಿ. 4000, 5000 ಎಂದು ಬರೆದಿದ್ದರೆ ಅದು ಬರಿಯ ಬರಹ; ಅಷ್ಟು ನೀರು ಆ ಗಾತ್ರದ ಕೊಡದಲ್ಲಿ ಹಿಡಿಯದು.

ಜೋಪಾನದ ಮಾತು ನಾಲ್ಕೇ. ಬಿಸಾಡುವ ಸೆಲ್ಲನ್ನು ಎಂದಿಗೂ ಚಾರ್ಜರಿಗೆ ಹಾಕಬಾರದು, ಸೋರೀತು, ಸಿಡಿದೀತು. ಹೊಸದು ಹಳೆಯದನ್ನು, ಬೇರೆ ಬೇರೆ ಜಾತಿಯದನ್ನು ಒಂದೇ ಟಾರ್ಚಿನಲ್ಲಿ ಕೂಡಿಸಬಾರದು. ಬಹಳ ದಿನ ಬಳಸದ ಟಾರ್ಚಿನಿಂದ ಸೆಲ್ಲು ತೆಗೆದಿಡಬೇಕು. ಟಾರ್ಚನ್ನು ಕೊಲ್ಲುವುದು ಬಹಳ ಸಲ ಸೋರಿದ ಸೆಲ್ಲೇ. ಹಾಸಿಗೆಯ ಮೇಲೆ ಚಾರ್ಜಿಗೆ ಇಟ್ಟು ಪಾಳಿಗೆ ಹೋಗಬಾರದು. ಖೋಲಿಯಲ್ಲಿ ಯಾರಾದರೂ ಎಚ್ಚರವಿರುವಾಗ, ಬರಿಯ ನೆಲದ ಮೇಲೆ ಇಡತಕ್ಕದ್ದು.

ಕೊನೆಯದಾಗಿ, ಸತ್ತ ಸೆಲ್ಲು ಎಲ್ಲಿಗೆ ಹೋಗುತ್ತದೆ? ನಮ್ಮ ಕಾವಲುಗಾರನ ಲೆಕ್ಕದಲ್ಲಿಯೇ ವರ್ಷಕ್ಕೆ 36 ಸೆಲ್ಲುಗಳು ಚರಂಡಿಗೋ ಕಸದ ಗುಡ್ಡೆಗೋ ಬೀಳುತ್ತವೆ. ಪಟಾನ್‌ಚೆರುವಿನಲ್ಲಿ ವಾಸಿಸುವ ನಮಗೆ ಬಿಸಾಡಿದ ರಸಾಯನ ಎಲ್ಲಿಗೆ ಹೋಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯ ನಕ್ಕವಾಗು ಹಳ್ಳ ಕಾರ್ಖಾನೆಗಳ ಕೊಳೆನೀರಿನಿಂದ ಕೆಟ್ಟ ಕಥೆ 1990ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ಕೆಡುಕು ಟಾರ್ಚಿನ ಸೆಲ್ಲಿನಿಂದ ಆದುದಲ್ಲ ನಿಜ. ಆದರೆ ಆ ಹಳ್ಳ ಸೇರುವುದು ಮಂಜೀರಾ ನದಿಯನ್ನು. ಬೀದರ ಜಿಲ್ಲೆಯನ್ನು ಹಾದು ಬರುವ, ನಮ್ಮವರೆಲ್ಲ ನೀರು ಕುಡಿದ ಮಂಜೀರಾ. ದೊಡ್ಡವರ ತಪ್ಪನ್ನು ಎತ್ತಿ ಆಡುವ ನಾವು ನಮ್ಮ ಪಾಲಿನ ಚಿಕ್ಕ ಕಸವನ್ನಾದರೂ ಸರಿಯಾಗಿ ಇಡೋಣ. 2022ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಎಲ್ಲ ಜಾತಿಯ ಬ್ಯಾಟರಿಗಳನ್ನೂ ಮನೆಯ ಕಸದಿಂದ ಬೇರೆಯಾಗಿ ಇಡಬೇಕು. ಅವನ್ನು ಹಿಂದಕ್ಕೆ ಪಡೆದು ಸಂಸ್ಕರಿಸುವ ಹೊಣೆ ತಯಾರಕರದು. ಕಸದ ಡಬ್ಬಿಯ ಮೇಲೆ ಅಡ್ಡಗೀಟು ಎಳೆದ ಚಿತ್ರ ಸೆಲ್ಲಿನ ಮೇಲೆ ಇರುವುದು ಇದನ್ನೇ ಹೇಳುವುದಕ್ಕೆ.

ಆದುದರಿಂದ ಕಾರ್ಯಕಾರಿ ಸಮಿತಿಯವರಲ್ಲಿ ನಮ್ಮ ಎರಡು ಸಣ್ಣ ಬಿನ್ನಹಗಳಿವೆ. ವಾಚನಾಲಯದ ಬಾಗಿಲ ಬಳಿ ಸತ್ತ ಸೆಲ್ಲು ಹಾಕಲು ಒಂದು ಪೆಟ್ಟಿಗೆ ಇಡೋಣ. ತುಂಬಿದ ಮೇಲೆ ಅಧಿಕೃತವಾಗಿ ಸಂಗ್ರಹಿಸುವವರಿಗೆ ಒಪ್ಪಿಸುವ ಕೆಲಸವನ್ನು ನಾವು ವಹಿಸಿಕೊಳ್ಳುತ್ತೇವೆ. ಎರಡನೆಯದಾಗಿ, ಪತ್ರಿಕೆಗಳ ಮೇಜಿನ ಮೇಲೆ ಒಂದು ಒಳ್ಳೆಯ ಚಾರ್ಜರು ಇರಲಿ. ಖೋಲಿಯಲ್ಲಿ ಪ್ಲಗ್ಗು ಸಿಗದವರು ಪತ್ರಿಕೆ ಓದುವಷ್ಟು ಹೊತ್ತು ಸೆಲ್ಲನ್ನು ಅದರಲ್ಲಿ ಇಟ್ಟು, ಬೇಕಾದರೆ ಮರುದಿನ ಮುಂದುವರಿಸಲಿ. ಸೆಲ್ಲಿನ ನೆಪದಲ್ಲಿಯಾದರೂ ನಾಲ್ಕು ಜನ ಹೆಚ್ಚಿಗೆ ಓದಿದರೆ ವಾಚನಾಲಯಕ್ಕೆ ಲಾಭವೇ.

ಒಟ್ಟು ಮಾತು ಇಷ್ಟು: ದಿನವೂ ಉರಿಸುವವರು ಚಾರ್ಜಿನ ಸೆಲ್ಲು ಕೊಳ್ಳಿ, ಕೂಡಿ ಕೊಳ್ಳಿ. ಆಪತ್ತಿಗೆಂದು ಇಡುವವರು ಆಲ್ಕಲೈನ್ ಕೊಳ್ಳಿ, ಟಾರ್ಚಿನ ಹೊರಗೆ ಇಡಿ. ಸತ್ತುದನ್ನು ಪೆಟ್ಟಿಗೆಗೆ ಹಾಕಿ.